ಗೇಟು ಬಿದ್ದಾಗಿನ ಹಾಡು

ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಾಲ್ಕು ನಿಮಿಷಕ್ಕೆ ಪರದೆ ಮೇಲೆದ್ದಿತು. ನಾಲ್ಕು ನಿಮಿಷ ತಡ. ಆರನೇ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ಅಕ್ಕ ಮೊದಲು ಅದನ್ನೇ ಬರೆದುಕೊಂಡಳು. ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಸವೆಸಿದವಳು ಅವಳು. ದಿನಾಂಕ, ಗಂಟೆ ಹಾಕದೆ ಒಂದು ಸಾಲು ಬರೆದರೂ ಅವಳ ಕೈ ನಡುಗುತ್ತದೆ ಎಂದು ತಮ್ಮ ಹಾಸ್ಯ ಮಾಡುತ್ತಿದ್ದ.

ನಾಟಕ ತಮ್ಮನದು. ಪೂರ್ತಿ ಅವನದಲ್ಲ, ಮಾತು ಬರೆದವಳು ನಿರ್ದೇಶಕಿ, ಹಾಡು ಬರೆದು ರಾಗ ಹಾಕಿದವನು ಅವನು. ಮದುವೆಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಗಿಟಾರ್ ನುಡಿಸಿಕೊಂಡು ನಲವತ್ತು ಮುಟ್ಟಿದವನಿಗೆ ಇದು ಮೊದಲ ದೊಡ್ಡ ಕೆಲಸ. ಮೂರು ವರ್ಷ ಊಟ ನಿದ್ದೆ ಬಿಟ್ಟು ಹನ್ನೊಂದು ಹಾಡು ಕಟ್ಟಿದ್ದ. ಭಾನುವಾರ ಗಡಿಯಾರ ಹಿಡಿದು ಓಡಿಸಿ ನೋಡಿದಾಗ ಆಟ ಎರಡು ಗಂಟೆ ಹದಿನೆಂಟು ನಿಮಿಷ ಆಗಿತ್ತು. ಸಭಾಂಗಣದವರು ಕೊಟ್ಟಿದ್ದು ಎರಡು ಗಂಟೆ ಹತ್ತು ನಿಮಿಷ; ಬೆನ್ನಿಗೇ ಇನ್ನೊಂದು ತಂಡದ ಆಟವಿದ್ದದ್ದರಿಂದ ಒಂದು ನಿಮಿಷವೂ ಜಗ್ಗುವ ಹಾಗಿರಲಿಲ್ಲ. ಶುಕ್ರವಾರ ಮೊದಲ ಪ್ರದರ್ಶನ. ಅಷ್ಟರೊಳಗೆ ಎಂಟು ನಿಮಿಷ ಹೋಗಬೇಕು.

ಸೋಮವಾರ ಬೆಳಿಗ್ಗೆ ತಮ್ಮ ಫೋನು ಮಾಡಿದ್ದ. "ಅಕ್ಕ, ಒಂದು ಹಾಡು ತೆಗೀಲೇಬೇಕಂತೆ. ಬ್ರೆಡ್ಡಿನವನ ಹಾಡು, ಜೊತೆಗೆ ಇನ್ನೆರಡು ಚೂರುಪಾರು ಅಂತಾರೆ ಮೇಡಂ. ನಂಗಂತೂ ಹನ್ನೊಂದೂ ಹೆತ್ತ ಮಕ್ಕಳು. ನಾಳೆ ಪ್ರಾಯೋಗಿಕ ಆಟಕ್ಕೆ ಬಾ. ನೀನು ಯಾವುದು ಅಂತೀಯೋ ಅದನ್ನ ತೆಗೀತೀನಿ. ಮೇಡಂ ಕೂಡ ಒಪ್ಪಿದ್ದಾರೆ."

"ನಂಗೇನೋ ಗೊತ್ತು ನಾಟಕ? ನಾನು ನೀರಿನೋಳು."

"ಅದಕ್ಕೇ ಕರೀತಿರೋದು. ಮಿಕ್ಕೋರೆಲ್ಲ ಹೊಗಳ್ತಾರೆ. ನೀನು ನನ್ನ ಮದುವೆ ದಿನಾನೂ ಕೋಟಿನ ತೋಳು ಅರ್ಧ ಇಂಚು ಉದ್ದ ಅಂದವಳು."

"ಅರ್ಧ ಅಲ್ಲ. ಮುಕ್ಕಾಲು."

ಹೀಗೆ ಅವಳು ಅರ್ಧ ದಿನ ರಜೆ ಹಾಕಿ, ಒಂದು ನೋಟ್‌ಬುಕ್ಕು, ಎರಡು ಪೆನ್ನು, ಒಬ್ಬ ಅಮ್ಮನನ್ನು ಕರೆದುಕೊಂಡು ಬಂದು ಕೂತಿದ್ದಳು. ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು ಎಡಕ್ಕೆ 'ಮುಂಚೆ', ಬಲಕ್ಕೆ 'ಆಮೇಲೆ' ಎಂದು ಬರೆದಿದ್ದಳು. ಕೆಲಸದಲ್ಲಿ ಸೋಸುವ ತೊಟ್ಟಿಗೆ ಹೋಗುವ ಮುಂಚೆ ಒಂದು ಶೀಸೆ ನೀರು, ಹೊರಬಂದ ಮೇಲೆ ಒಂದು ಶೀಸೆ ನೀರು ಹಿಡಿಯುವುದು ಅವಳ ರೂಢಿ. ಎರಡೂ ಒಂದೇ ಥರ ಇದ್ದರೆ ತೊಟ್ಟಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಹಾಡಿಗೂ ಅದೇ ಲೆಕ್ಕ ಹಾಕಿದಳು. ಹಾಡುವವರಿಗೆ ಹಾಡಿಗೆ ಮುಂಚೆ ಏನು ಗೊತ್ತಿತ್ತು, ಏನು ಬೇಕಿತ್ತು? ಹಾಡು ಮುಗಿದ ಮೇಲೆ? ಏನೂ ಬದಲಾಗದಿದ್ದರೆ ಆ ಹಾಡು ಕೂತು ಉಣ್ಣುತ್ತಿದೆ.

ಆಟದ ಹೆಸರು 'ಗೇಟು ಬಿತ್ತು'. ರೈಲ್ವೆ ಹಳಿ ರಸ್ತೆಯನ್ನು ದಾಟುವ ಜಾಗದಲ್ಲಿ ಒಂದು ಗೇಟು. ಅಪ್ಪ ತೀರಿಕೊಂಡ ಮೇಲೆ ಅದೇ ಕೆಲಸ ವಹಿಸಿಕೊಂಡ ಮಗಳು ಗೇಟಿನವಳು. ಈ ಗೇಟು ಬೇಕೋ, ಮುಚ್ಚಿ ರಸ್ತೆಯನ್ನು ಬೇರೆ ಕಡೆ ತಿರುಗಿಸಬೇಕೋ ಎಂದು ವರದಿ ಕೊಡಲು ಬಂದ ಒಬ್ಬ ಸರ್ವೇಯರು. ಅವನ ಕೈಯಲ್ಲಿ ವಾಹನ ಎಣಿಸುವ ಪಟ್ಟಿ. ಮೂರು ದಿನದ ಕಥೆ. ತಮ್ಮ ಒಂದು ನಿಯಮ ಮಾಡಿಕೊಂಡಿದ್ದ: ಗೇಟು ತೆರೆದಿದ್ದಾಗ ಜನ ಮಾತಾಡುತ್ತಾರೆ, ಗೇಟು ಬಿದ್ದಾಗ ಹಾಡುತ್ತಾರೆ. ಓಡಾಡುವಾಗ ಯಾರಿಗೂ ಪುರಸೊತ್ತಿಲ್ಲ. ತಡೆದು ನಿಲ್ಲಿಸಿದಾಗ ಮನಸ್ಸಿನಲ್ಲಿದ್ದದ್ದು ಮೇಲೆ ಬರುತ್ತದೆ.

ಅಕ್ಕನಿಗೆ ಇದು ಮೊದಲ ಗೇಟು ಬಿದ್ದಾಗಲೇ ಹಿಡಿಸಿತು. ಎರಡೂ ಕಡೆ ಜನ ಸಿಕ್ಕಿಹಾಕಿಕೊಂಡರು. ನರ್ಸಿಗೆ ಪಾಳಿ ತಪ್ಪುತ್ತದೆ, ಹಾಲಿನವನಿಗೆ ಹಾಲು ಒಡೆಯುತ್ತದೆ, ಗಂಡಹೆಂಡತಿ ಸ್ಕೂಟರಿನ ಮೇಲೆ ಕೂತೇ ಜಗಳ ಶುರುಮಾಡುತ್ತಾರೆ. ಪ್ರತಿಯೊಬ್ಬರೂ ಎರಡೆರಡು ಸಾಲು ಹಾಡಿ, ಕೊನೆಗೆ ಎಲ್ಲರ ಸಾಲೂ ಒಂದರ ಮೇಲೊಂದು ಬಿದ್ದು ರೈಲಿನ ಸದ್ದಾಯಿತು. ಮೂರು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಏಳು ಜನರ ಪರಿಚಯ. ಮಾತಿನಲ್ಲಿ ಹೇಳಿದ್ದರೆ ಹದಿನೈದು ನಿಮಿಷ ಬೇಕಾಗುತ್ತಿತ್ತು.

"ಆ ಹೆಂಡತಿ ಪಾತ್ರದವಳು ಥೇಟ್ ನಿಮ್ಮ ಚಿಕ್ಕಮ್ಮನ ಥರ," ಎಂದು ಅಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು.

"ಸುಮ್ನಿರಮ್ಮ, ಬರ್ಕೋತಿದೀನಿ."

"ಅದನ್ನೂ ಬರ್ಕೋ."

ಬ್ರೆಡ್ಡಿನವನ ಹಾಡು ಐದನೆಯದು. ಸೈಕಲ್ಲಿನ ಮೇಲೆ ಬುಟ್ಟಿ ಕಟ್ಟಿಕೊಂಡು ಬಂದ ದಪ್ಪ ಮನುಷ್ಯ, ಗೇಟು ಮುಚ್ಚಬೇಕೆಂಬ ಅರ್ಜಿಗೆ ಬೆಳಿಗ್ಗೆಯಷ್ಟೇ ಸಹಿ ಹಾಕಿದ್ದಾನೆ. ಗೇಟು ಬಿದ್ದಿದೆ. ಶಾಪ ಹಾಕುತ್ತಾ, ಹಾಡುತ್ತಾ, ಸುತ್ತ ನಿಂತವರಿಗೆ ಒಂದೊಂದೇ ಬನ್ನು ಮಾರುತ್ತಾನೆ. ಗೇಟು ಏಳುವ ಹೊತ್ತಿಗೆ ಬುಟ್ಟಿ ಖಾಲಿ. ಖಾಲಿ ಬುಟ್ಟಿಯನ್ನು ನೋಡಿ, ಗೇಟನ್ನು ನೋಡಿ, ಜೇಬಿನಿಂದ ಅರ್ಜಿ ತೆಗೆದು ಬಾಯಿಗೆ ಹಾಕಿಕೊಂಡು ಅಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕಿ ತೆಗೆಯಬೇಕು ಎಂದದ್ದು ಇದನ್ನೇ, ಬರೀ ತಮಾಷೆ ಎಂದು. ಅಕ್ಕ ಎಡಗಡೆ 'ಗೇಟು ಬೇಡ', ಬಲಗಡೆ 'ಗೇಟು ಬೇಕು' ಎಂದು ಬರೆದು, ಒಂದು ನಿಮಿಷ ಐವತ್ತು ಸೆಕೆಂಡು ಎಂದು ಪಕ್ಕಕ್ಕೆ ಗುರುತು ಹಾಕಿದಳು. ಇಡೀ ಆಟದಲ್ಲಿ ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಕೆಲಸ ಮಾಡಿದ ಹಾಡು ಇನ್ನೊಂದಿರಲಿಲ್ಲ.

ಎಂಟನೆಯದು ಲಾಟೀನಿನ ಹಾಡು. ರೈಲು ಹೋಗಿದೆ, ಗೇಟು ಎದ್ದಿದೆ, ರಸ್ತೆಯಲ್ಲಿ ಒಂದು ಪಿಳ್ಳೆಯೂ ಇಲ್ಲ. ಗೇಟಿನವಳು ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತು ಅಪ್ಪನ ಲಾಟೀನು ಒರೆಸುತ್ತಾ ಹಾಡುತ್ತಾಳೆ.

ಕೆಂಪು ತೋರಿದರೆ ನಿಲುವುದು ಗಾಡಿ,
ಹಸಿರು ತೋರಿದರೆ ಹೊರಡುವುದು ಗಾಡಿ,
ಅಪ್ಪಾ, ನಿನಗೆ ತೋರಲಿ ಯಾವುದ?

ಅಕ್ಕನಿಗೆ ರಾಗ ಗೊತ್ತಿತ್ತು. ಇಪ್ಪತ್ತೊಂದು ವರ್ಷದ ಹಿಂದೆ, ದರ್ಜಿಯಾಗಿದ್ದ ಅಪ್ಪ ಹಾಸಿಗೆ ಹಿಡಿದಾಗ, ಹತ್ತೊಂಬತ್ತರ ತಮ್ಮ ಕಟ್ಟಿದ ರಾಗ ಅದು. ಆಗ ಅದರಲ್ಲಿ ಲಾಟೀನಿನ ಬದಲು ಕತ್ತರಿ, ದಾರ ಇದ್ದವು. ಈ ಒಂದು ಹಾಡಿಗೋಸ್ಕರವೇ ಅವನು ನಾಟಕಕ್ಕೆ ಕೈ ಹಾಕಿದ್ದು, ಇದರ ಸುತ್ತಲೇ ಉಳಿದದ್ದೆಲ್ಲ ಬೆಳೆದದ್ದು ಎಂದು ಮನೆಯವರಿಗೆಲ್ಲ ತಿಳಿದಿತ್ತು. ಹಾಡಿದ ಹುಡುಗಿಯ ಕಂಠ ಜೇನಿನಂತಿತ್ತು. ಮೂರು ಚರಣ, ಆರು ನಿಮಿಷ ನಲವತ್ತು ಸೆಕೆಂಡು. ಎರಡನೇ ಚರಣದ ಕೊನೆಗೆ ಅಮ್ಮ ಚೀಲದಲ್ಲಿ ಪೆಪ್ಪರ್‌ಮಿಂಟು ಹುಡುಕತೊಡಗಿದಳು. ಮುಂದಿನ ಸಾಲಿನಲ್ಲಿ ಒಬ್ಬರು ಮೊಬೈಲು ತೆಗೆದು ಗಂಟೆ ನೋಡಿದರು. ಮುಗಿದಾಗ ಚಪ್ಪಾಳೆ ಮಾತ್ರ ಜೋರಾಗಿ, ಇಪ್ಪತ್ತೆರಡು ಸೆಕೆಂಡು ಬಿತ್ತು.

ಎಡಗಡೆ: 'ಅಪ್ಪನ ನೆನಪು.' ಬಲಗಡೆ: 'ಅಪ್ಪನ ನೆನಪು.' ಅಕ್ಕ ಪೆನ್ನು ಹಿಡಿದು ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಬಲಗಡೆ ಸೇರಿಸಲು ಮೂರನೆಯ ಶಬ್ದ ಸಿಗಲಿಲ್ಲ.

ಮುಂದಿನ ದೃಶ್ಯದಲ್ಲಿ ಸರ್ವೇಯರು ಟೀ ಕುಡಿಯುತ್ತಾ ಗೇಟಿನವಳನ್ನು ಅಪ್ಪನ ಬಗ್ಗೆ ಕೇಳಿದ. ಅವಳು ಹಾಡಿನಲ್ಲಿ ಹೇಳಿದ್ದನ್ನೇ ಮಾತಿನಲ್ಲಿ ಇನ್ನೊಮ್ಮೆ ಹೇಳಿದಳು. ಅವನು ವರದಿ ಬದಲಿಸಬೇಕೆಂದು ತೀರ್ಮಾನಿಸಿದ. ಐದು ನಿಮಿಷ ಐವತ್ತು ಸೆಕೆಂಡು, ಸಭಾಂಗಣದಲ್ಲಿ ಹದಿನಾಲ್ಕು ಕೆಮ್ಮು.

ಆಟ ಮುಗಿದ ಮೇಲೆ ರಂಗದ ಹಿಂದಿನ ಉಡುಪಿನ ಕೋಣೆಯಲ್ಲಿ ಸೇರಿದರು. ಇಸ್ತ್ರಿ ಹಾಕಿದ ಬಟ್ಟೆಯ ವಾಸನೆ, ಗೋಡೆಗೆ ಉದ್ದಕ್ಕೂ ಕನ್ನಡಿ. ಅಮ್ಮನಿಗೆ ಸ್ಟೂಲು ಹಾಕಿಕೊಟ್ಟವನು ರಂಗದ ಉಸ್ತುವಾರಿಯ ಹಿರಿಯ, ಪರದೆಯ ಹಿಂದೆ ಯಾರು ಉಸಿರಾಡಿದರೂ "ಸದ್ದು!" ಎಂದು ಗದರುತ್ತಿದ್ದುದರಿಂದ ತಂಡದವರೆಲ್ಲ ಅವನನ್ನು ಸದ್ದಣ್ಣ ಎನ್ನುತ್ತಿದ್ದರು. ನಿರ್ದೇಶಕಿ ಮೇಜಿನ ಅಂಚಿಗೆ ಒರಗಿ ನಿಂತಿದ್ದಳು. ತಮ್ಮ ನೆಲದ ಮೇಲೆ ಗಿಟಾರ್ ತೊಡೆಯಲ್ಲಿಟ್ಟುಕೊಂಡು ಕೂತಿದ್ದ.

"ಹೇಳಿ. ಬ್ರೆಡ್ಡಿನವನಾ?" ಎಂದಳು ನಿರ್ದೇಶಕಿ.

"ಅವನು ಹೋದ್ರೆ ಊರಿನವರು ಯಾಕೆ ಮನಸ್ಸು ಬದಲಾಯಿಸಿದರು ಅಂತ ಯಾರಿಗೂ ಗೊತ್ತಾಗಲ್ಲ ಮೇಡಂ. ನಗ್ತಾ ನಗ್ತಾ ಕಥೆ ತಿರುಗೋದು ಅಲ್ಲೇ." ಅಕ್ಕ ನೋಟ್‌ಬುಕ್ಕು ತೆರೆದಳು, ಮತ್ತೆ ಮುಚ್ಚಿದಳು. "ಹೋಗಬೇಕಾದ್ದು ಲಾಟೀನಿನ ಹಾಡು. ಅದರಲ್ಲೇ ಆರು ನಿಮಿಷ ನಲವತ್ತು ಸೆಕೆಂಡು ಉಳಿಯುತ್ತೆ. ಮಿಕ್ಕ ಒಂದು ನಿಮಿಷ ಇಪ್ಪತ್ತು ಸೆಕೆಂಡು ದೃಶ್ಯ ಬದಲಾಗುವಾಗಿನ ವಾದ್ಯದಲ್ಲಿ ಉಳಿಸಬಹುದು."

ತಮ್ಮನ ಬೆರಳು ತಂತಿಯ ಮೇಲೆ ಹಾಗೇ ನಿಂತಿತು.

"ಜನ ಅದಕ್ಕೇ ಅಲ್ವಾ ಅತಿ ಹೆಚ್ಚು ಚಪ್ಪಾಳೆ ತಟ್ಟಿದ್ದು?"

"ಅವಳ ಕಂಠಕ್ಕೆ ತಟ್ಟಿದ್ರು. ಕಥೆ ಆರೂ ಮುಕ್ಕಾಲು ನಿಮಿಷ ನಿಂತೇ ಇತ್ತು ಕಣೋ. ಹಾಡೋಕೆ ಮುಂಚೆ ಅವಳು ಎಲ್ಲಿದ್ದಳೋ, ಹಾಡಿ ಮುಗಿಸಿದ ಮೇಲೂ ಅಲ್ಲೇ ಇದ್ದಾಳೆ. ಮೇಲಾಗಿ ಗೇಟು ತೆರೆದಿದ್ದಾಗ ಹಾಡೋದು ಇದೊಂದೇ. ನಿನ್ನ ನಿಯಮಾನ ನೀನೇ ಮುರಿದಿದ್ದೀಯ."

"ಬೇರೆ ಯಾವುದಾದ್ರೂ ಹೇಳು."

"ನಾನು ಹೇಳಿದ್ದೇ ಆಗಲಿ ಅಂದಿದ್ದೆ ನೀನು."

"ಇದೊಂದು ಬಿಟ್ಟು!" ಅವನು ಎದ್ದು ನಿಂತ. ದನಿ ಏರಿಸಲಿಲ್ಲ, ಅವನಿಗೆ ಸಿಟ್ಟು ಬಂದಾಗ ದನಿ ತಗ್ಗುತ್ತದೆ. "ಇದು ಹೋದ್ರೆ ನನ್ನ ಹೆಸರೂ ಹೋಗಲಿ ಮೇಡಂ. ಹಾಡು ಎಲ್ಲಾ ನಿಮ್ಮ ಹತ್ರ ಇದೆ, ಇಟ್ಕೊಳ್ಳಿ. ಪೋಸ್ಟರಿನಲ್ಲಿ ನನ್ನ ಹೆಸರು ಬೇಡ." ಆಮೇಲೆ ಅಕ್ಕನ ಕಡೆ ತಿರುಗಿದ. "ನಿಂಗೆ ಇದು ಬರೀ ನಿಮಿಷ. ನಾನು ಅಪ್ಪನ ಮುಂದೆ ಕೂತು ಅದನ್ನ ಹಾಡಿದಾಗ ನೀನಿರಲಿಲ್ಲ ಅಕ್ಕ."

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವಳ ಮೊಣಕೈ ಮುಟ್ಟಿದಳು. ಸದ್ದಣ್ಣ ಮೊದಲ ಬಾರಿಗೆ ಯಾರನ್ನೂ ಗದರದೆ, ಕೊಕ್ಕೆಗೆ ನೇತುಹಾಕಿದ್ದ ಕೋಟೊಂದನ್ನು ಸುಮ್ಮನೆ ಸರಿಪಡಿಸಿದ. "ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಬನ್ನಿ, ಅಷ್ಟರಲ್ಲಿ ತೀರ್ಮಾನ ಆಗ್ಬೇಕು," ಎಂದು ಹೇಳಿ ನಿರ್ದೇಶಕಿ ಕೋಣೆಯ ದೀಪ ಆರಿಸಿದಳು.

ಬಸ್ಸಿನಲ್ಲಿ ಅಮ್ಮ ಎರಡು ನಿಲ್ದಾಣದವರೆಗೆ ಕಿಟಕಿಯಾಚೆ ನೋಡುತ್ತಿದ್ದಳು. ಮೂರನೆಯದರಲ್ಲಿ ಕೇಳಿದಳು.

"ಅವನಿಗೆ ಇನ್ನೂ ಹೇಳಿಲ್ವಾ ನೀನು?"

"ಏನು?"

"ನನ್ನ ಹತ್ರ ಏನು ಅಂತ ಕೇಳಬೇಡ. ಪರೀಕ್ಷೆ ವಿಷಯ."

ವಿಷಯ ಇಷ್ಟೇ. ಆ ವರ್ಷ ಅಕ್ಕ ಬೇರೆ ಊರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅಪ್ಪನನ್ನು ನೋಡಲು ಒಂದು ಮಧ್ಯಾಹ್ನದ ಮಟ್ಟಿಗೆ ಬಂದವಳು. ಮರುದಿನ ಪರೀಕ್ಷೆ, ಸಂಜೆ ಆರರ ಬಸ್ಸಿನ ಟಿಕೆಟ್ಟು ಪರ್ಸಿನಲ್ಲಿತ್ತು. ಆದರೆ ಅವಳು ಹೋಗಲಿಲ್ಲ. ಅಪ್ಪ ಇರುವವರೆಗೆ, ಹದಿನೇಳು ದಿನ, ಅಲ್ಲೇ ಉಳಿದಳು. ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಎಲ್ಲರಿಗೂ ಹೇಳಿದಳು. ನಿಜ ತಿಳಿದಿದ್ದರೆ ಅಪ್ಪ ಎದ್ದು ಕೂರಲಾಗದಿದ್ದರೂ ಅವಳನ್ನು ಬಸ್ಸು ಹತ್ತಿಸುತ್ತಿದ್ದ. ತಮ್ಮನಿಗೆ ಹೇಳಿದ್ದರೆ ಅದೇ ಗಂಟೆ ಅಪ್ಪನಿಗೆ ತಲುಪುತ್ತಿತ್ತು. ಅವನ ಹೊಟ್ಟೆಯಲ್ಲಿ ಆಗಲೂ ಈಗಲೂ ಒಂದು ಮಾತು ನಿಲ್ಲುವುದಿಲ್ಲ. ಒಂದು ವರ್ಷ ಹೋಯಿತು. ಮುಂದಿನ ವರ್ಷ ಬರೆದು ಪಾಸಾದಳು. ಅಮ್ಮನಿಗೆ ಮಾತ್ರ ಅಂಕಪಟ್ಟಿಯ ಇಸವಿ ನೋಡಿ ಗೊತ್ತಾಗಿತ್ತು.

"ಅದಕ್ಕೂ ಈ ಹಾಡಿಗೂ ಏನಮ್ಮ ಸಂಬಂಧ?"

"ನಂಗೇನು ಗೊತ್ತು? ನೀನು ಓದಿದವಳು," ಎಂದಳು ಅಮ್ಮ. "ಹಾಡು ಮಾತ್ರ ಉದ್ದ ಆಯ್ತು. ನಿಮ್ಮಪ್ಪನೇ ಆಗಿದ್ರೆ ಅರ್ಧಕ್ಕೇ ಗೊರಕೆ ಹೊಡೀತಿದ್ದ. ಅವತ್ತೂ ಹೊಡೆದಿದ್ದ ಪಾಪ, ಮಾತ್ರೆ ಕೊಟ್ಟಿದ್ವಲ್ಲ. ಒಂದಕ್ಷರ ಕೇಳಿಸಿಕೊಂಡಿಲ್ಲ."

ಬುಧವಾರ ಪ್ರಯೋಗಾಲಯದಲ್ಲಿ ಎಂದಿನ ಕೆಲಸ. ಹನ್ನೆರಡು ಶೀಸೆ ಬಂದಿದ್ದವು. ಅವಳು ಒಂದೊಂದಕ್ಕೂ ಚೀಟಿ ಅಂಟಿಸಿದಳು, ಗಾಜಿನ ಕೊಳವೆಗೆ ಬಿಟ್ಟು ಬಣ್ಣ ನೋಡಿದಳು, ಬರೆದಳು. ಹೊಸದಾಗಿ ಸೇರಿದ ಸಹಾಯಕಿ ಎದುರಿನ ಮೇಜಿನಲ್ಲಿ ವರದಿ ತುಂಬುತ್ತಿದ್ದವಳು ತಲೆಯೆತ್ತಿದಳು.

"ಮೇಡಂ, ತೊಟ್ಟಿಗೆ ಮುಂಚಿನದು, ಆಮೇಲಿನದು ಎರಡೂ ಬಂತು. ಇವತ್ತಿಗೆ ಸಾಕಲ್ವಾ?"

"ಮನೆ ನಲ್ಲಿಗಳದ್ದು?"

"ಅದು ಬಂದಿಲ್ಲ."

"ಹಾಗಾದ್ರೆ ಸಾಕಾಗಲಿಲ್ಲ," ಎಂದಳು ಅಕ್ಕ. ಅಂದವಳು ಕೊಳವೆ ಹಿಡಿದ ಕೈಯನ್ನು ಇಳಿಸಿ ಹಾಗೇ ನಿಂತಳು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳೇ ಈ ತಪ್ಪು ಮಾಡಿದ್ದಳು. ತೊಟ್ಟಿಯ ಎರಡೂ ಬದಿ ಶೀಸೆ ಹಿಡಿದು, ಲೆಕ್ಕ ಹಾಕಿ, ನೀಟಾಗಿ ವರದಿ ಕೊಟ್ಟಿದ್ದಳು. ಆಗಿನ ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿ, "ಎಲ್ಲಾ ಸರಿ ತಾಯಿ, ಆದ್ರೆ ಕುಡಿಯೋರು ತೊಟ್ಟಿ ಪಕ್ಕ ಮನೆ ಮಾಡಿದ್ದಾರಾ?" ಎಂದಿದ್ದರು. ಕೊಳವೆಯ ಕೊನೆಯ ಮನೆಗೆ ಹೋಗದೆ ನೀರಿನ ಬಗ್ಗೆ ಏನನ್ನೂ ಹೇಳಬಾರದು ಎಂದು ಅವತ್ತಿನಿಂದ ಎಷ್ಟು ಜನರಿಗೆ ತಾನೇ ಪಾಠ ಮಾಡಿದ್ದಳೋ ಲೆಕ್ಕವಿಲ್ಲ. ಮಂಗಳವಾರ ಆರನೇ ಸಾಲಿನಲ್ಲಿ ಕೂತು ಅದನ್ನೇ ಮರೆತಿದ್ದಳು. ಹಾಡುವವಳ ಮುಂಚೆ, ಹಾಡುವವಳ ಆಮೇಲೆ. ಕೇಳುವವನ ಕಡೆಯಿಂದ ಒಂದು ಹನಿಯೂ ಹಿಡಿದಿರಲಿಲ್ಲ. ಹಿಡಿಯಬೇಕೆಂದರೂ ಆ ದೃಶ್ಯದಲ್ಲಿ ಕೇಳುವವನೇ ಇರಲಿಲ್ಲ.

ಆದರೆ ಇಪ್ಪತ್ತೊಂದು ವರ್ಷದ ಹಿಂದೆ ಕೇಳುವವಳೊಬ್ಬಳು ಇದ್ದಳು.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೇ ಅವಳು ಸಭಾಂಗಣದಲ್ಲಿದ್ದಳು. ತಮ್ಮ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಎರಡು ದಿನದ ಗಡ್ಡ. ಅವಳನ್ನು ನೋಡಿ ಸರಿದು ಜಾಗ ಮಾಡಿದ; ಮಾತು ಬಿಟ್ಟಿದ್ದರೂ ಜಾಗ ಬಿಡುವುದನ್ನು ಬಿಟ್ಟಿರಲಿಲ್ಲ.

"ಜಗಳಕ್ಕೆ ಬಂದಿದ್ರೆ ಟೀ ಕುಡಿದು ಬರ್ತೀನಿ, ತಡಿ," ಎಂದ.

"ಜಗಳಕ್ಕಲ್ಲ. ಒಂದು ತಪ್ಪಾಗಿದೆ ನನ್ನ ಕಡೆಯಿಂದ."

"ನಿನ್ನ ಕಡೆಯಿಂದ?" ಅವನು ಜೇಬು ತಡವಿದ. "ದಿನಾಂಕ ಗಂಟೆ ಬರ್ಕೋತೀನಿ ಇರು."

ಅವಳು ನಗಲಿಲ್ಲ. ಎದುರಿನ ಖಾಲಿ ಕುರ್ಚಿಗಳನ್ನು ನೋಡುತ್ತಾ ಹೇಳಿದಳು. "ನೀನು ಅಪ್ಪನ ಮುಂದೆ ಹಾಡಿದಾಗ ನಾನು ಬಂದಾಗಿತ್ತು. ಕೋಣೆ ಬಾಗಿಲ ಹೊರಗೆ, ಪಡಸಾಲೆಯಲ್ಲಿ ನಿಂತಿದ್ದೆ. ಚೀಲ ಹೆಗಲ ಮೇಲೇ ಇತ್ತು."

"ನೀನು ಬಂದದ್ದು ಆಮೇಲೆ. ಗೇಟಿನ ಸದ್ದು ಕೇಳಿ ನಾನೇ ಬಂದು ಚೀಲ ಇಸ್ಕೊಂಡೆ."

"ಮುಗಿದ ಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಮುಖ ತೊಳ್ಕೊಂಡು, ಗೇಟು ಸದ್ದು ಮಾಡಿ, ಮತ್ತೆ ಬಂದೆ."

ತಮ್ಮ ಅವಳ ಕಡೆ ತಿರುಗಿದ.

"ಅವತ್ತು ಪರೀಕ್ಷೆ ಮುಂದಕ್ಕೆ ಹೋಗಿರಲಿಲ್ಲ ಕಣೋ. ಮಾರನೇ ದಿನ ಇತ್ತು. ಆರರ ಬಸ್ಸಿಗೆ ಹೋಗಿಬಿಡೋಣ ಅಂತಲೇ ಬಂದಿದ್ದೆ. ಬಾಗಿಲ ತನಕ ಬರುವಾಗ ಹೋಗೋಳು, ನೀನು ಹಾಡು ನಿಲ್ಲಿಸಿದಾಗ ಇರೋಳು. ಅಷ್ಟೇ."

"ಹಾಗಾದ್ರೆ ಆ ವರ್ಷ..."

"ಹೋಯ್ತು. ಮುಂದಿನ ವರ್ಷ ಬರೆದೆ."

"ಇಪ್ಪತ್ತೊಂದು ವರ್ಷ ಸುಳ್ಳು ಹೇಳಿಕೊಂಡು ಬಂದ್ಯಾ?"

"ಒಂದೇ ಸಲ ಹೇಳಿದ್ದು. ಆಮೇಲೆ ಯಾರೂ ಕೇಳಲಿಲ್ಲ."

ಅವನು ಗಿಟಾರಿನ ಪಟ್ಟಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಹಿಂದೆ ಯಾರೋ ಏಣಿ ಎಳೆದರು, "ಸದ್ದು!" ಎಂದ ಸದ್ದಣ್ಣ.

"ಅಪ್ಪನಿಗೆ ಅದು ಕೇಳಿಸಲೇ ಇಲ್ಲ," ಎಂದಳು ಅಕ್ಕ. "ನಿಂಗೂ ಅದರಿಂದ ಏನೂ ಬದಲಾಗಲಿಲ್ಲ, ನೀನು ಮುಂಚೆಯೂ ಅಳ್ತಿದ್ದೆ, ಆಮೇಲೂ ಅಳ್ತಿದ್ದೆ. ಹಾಡು ಕೆಲಸ ಮಾಡಿದ್ದು ಬಾಗಿಲ ಹೊರಗೆ. ನಾನು ಮಂಗಳವಾರ ನೋಡಿದ್ದು ಹಾಡುವವಳನ್ನ ಮಾತ್ರ. ನಿನ್ನ ಹಾಡಿಗೆ ಏನೂ ಆಗಿಲ್ಲ. ಬಾಗಿಲ ಹೊರಗೆ ನೀನು ಯಾರನ್ನೂ ನಿಲ್ಲಿಸಿಲ್ಲ, ಅಷ್ಟೇ."

ನಿರ್ದೇಶಕಿ ಯಾವಾಗ ಬಂದು ಹಿಂದೆ ನಿಂತಿದ್ದಳೋ. "ಸರ್ವೇಯರು," ಎಂದಳು, ತನಗೆ ತಾನೇ ಹೇಳಿಕೊಂಡಂತೆ.

"ಹೌದು ಮೇಡಂ. ಗೇಟು ಬೀಳಲಿ. ಅವನು ಆಚೆ ಕಡೆ ಸಿಕ್ಕಿಹಾಕಿಕೊಳ್ಳಲಿ. ಅವಳಿಗೆ ಅವನು ಇರೋದು ಗೊತ್ತಾಗಬಾರದು. ಅವನು ಹೋಗೋ ಹಾಗಿಲ್ಲ, ಮಾತಾಡೋ ಹಾಗೂ ಇಲ್ಲ."

ತಮ್ಮ ತಲೆಯೆತ್ತಿದ. "ಆಗ ನಿಯಮಾನೂ ಮುರಿಯಲ್ಲ."

"ಅದು ನಂಗೆ ಹೊಳೆದಿರಲಿಲ್ಲ," ಎಂದಳು ಅಕ್ಕ. ಹೊಳೆದಿತ್ತು. ಆದರೆ ಅವನೇ ಹೇಳಲಿ ಎಂದಿದ್ದಳು.

"ಸರಿ. ಅವನು ಎಲ್ಲಾ ಕೇಳಿಸಿಕೊಂಡ ಮೇಲೆ," ನಿರ್ದೇಶಕಿ ಕೈಯಲ್ಲಿದ್ದ ಹಾಳೆಗಳನ್ನು ತಿರುವಿದಳು, "ಟೀ ಕುಡಿಯೋ ದೃಶ್ಯ ಯಾಕೆ ಬೇಕು? ಅವಳು ಹೇಳೋದಕ್ಕೆ ಏನು ಉಳಿದಿದೆ? ಅಯ್ಯೋ, ಐದು ದಿನ ಕೂತು ಬರೆದಿದ್ದೆ ನಾನದನ್ನ!" ಎಂದವಳೇ ಪೆನ್ಸಿಲಿನಿಂದ ಆ ಮೂರು ಪುಟಗಳಿಗೆ ಉದ್ದಕ್ಕೂ ಗೀಟು ಎಳೆದಳು. "ನಿಮ್ಮ ಕೈಗೆ ಸಿಕ್ಕಿದ್ದು ನನ್ನ ಮಗುನೇ ನೋಡಿ."

"ಐದು ನಿಮಿಷ ಐವತ್ತು ಸೆಕೆಂಡು," ಎಂದಳು ಅಕ್ಕ ಮೆಲ್ಲಗೆ. "ಇನ್ನೂ ಎರಡು ನಿಮಿಷ ಹತ್ತು ಸೆಕೆಂಡು ಬೇಕು."

ತಮ್ಮ ಒಂದೆರಡು ತಂತಿ ಮೀಟಿ ಕೇಳಿದ. "ಅವತ್ತು ಎಷ್ಟು ಹೊತ್ತು ನಿಂತಿದ್ದೆ ಅಲ್ಲಿ?"

"ಮುಗಿಯೋವರೆಗೂ. ಆಗ ಅದರಲ್ಲಿ ಎರಡೇ ಚರಣ ಇತ್ತು."

ಮೂರನೇ ಚರಣ ಅವನು ಹೋದ ವರ್ಷ ಸೇರಿಸಿದ್ದು. ಅಪ್ಪ ಹೋದ ಮೇಲಿನ ಮನೆ ಹೇಗಿತ್ತು ಎಂದು ವಿವರಿಸುವ ಚರಣ. ಅದರಲ್ಲಿದ್ದದ್ದನ್ನೆಲ್ಲ ಈಗ ಗೇಟಿನಾಚೆ ನಿಂತವನ ಮುಖವೇ ಹೇಳಬೇಕಾಗಿತ್ತು.

"ಮೂರನೇದು ಎರಡೂವರೆ ನಿಮಿಷ," ಎಂದ. "ತೆಗೀರಿ ಮೇಡಂ."

"ಹೆಸರು?" ಎಂದಳು ನಿರ್ದೇಶಕಿ.

"ಯಾವ ಹೆಸರು?"

"ಪೋಸ್ಟರಿನಲ್ಲಿ."

"ಇರಲಿ ಬಿಡಿ, ಪ್ರಿಂಟ್ ಆಗಿಬಿಟ್ಟಿದೆಯಲ್ಲ," ಎಂದು ಅವನು ಕಿವಿ ಕೆರೆದುಕೊಂಡ.

ಒಂಬತ್ತೂ ಮುಕ್ಕಾಲಿಗೆ ಬೆಂಚು ತಂದಿಟ್ಟರು. ಕೆಂಪು ಬಿಳಿ ಪಟ್ಟೆಯ ಗೇಟಿನ ಕಂಬಕ್ಕೆ ಅಡಿಯಲ್ಲಿ ಗಾಲಿ ಇದ್ದುದರಿಂದ ಎಲ್ಲಿಗೆ ಬೇಕಾದರೂ ತಳ್ಳಬಹುದಿತ್ತು. ಸರ್ವೇಯರಿನ ಪಾತ್ರದವನು ಮೊದಲು ರಂಗದ ಇನ್ನೊಂದು ಕೊನೆಯಲ್ಲಿ ನಿಂತ. ಸಿನಿಮಾಕ್ಕೆ ಬಂದವನ ಹಾಗೆ ಕಂಡ. ಮುಂದೆ ಬಾ ಎಂದರೆ ಬೆಂಚಿನ ಬಳಿಗೇ ಬಂದ. ಲೆಕ್ಕ ಕೇಳಲು ಬಂದವನ ಹಾಗಾಯಿತು. ಗೇಟಿನವಳ ಪಾತ್ರದ ಹುಡುಗಿ ಮೊದಲ ಸಾಲನ್ನು ಆರು ಸಲ ಹಾಡಿ ನೀರು ಕುಡಿದಳು.

"ಅಷ್ಟು ದೂರ ಇದ್ದರೆ ಕೇಳಿಯೂ ಕೇಳದವನ ಹಾಗೆ ಇದ್ದುಬಿಡಬಹುದು," ಎಂದಳು ಅಕ್ಕ ಕೆಳಗಿನಿಂದ. "ಇಷ್ಟು ಹತ್ರ ಬಂದ್ರೆ ಸಮಾಧಾನ ಹೇಳಲೇಬೇಕಾಗುತ್ತೆ. ಎರಡೂ ಆಗದ ಜಾಗ ಒಂದಿರುತ್ತೆ."

"ಎಲ್ಲಿ?" ಎಂದ ಪಾತ್ರದವನು, ಬೆವರು ಒರೆಸಿಕೊಳ್ಳುತ್ತಾ.

"ಬಾಯಲ್ಲಿ ಹೇಳೋದಕ್ಕೆ ಬರಲ್ಲ."

"ಹಾಗಾದ್ರೆ ನೀವೇ ನಿಂತು ತೋರಿಸಿ," ಎಂದಳು ನಿರ್ದೇಶಕಿ.

ಅಕ್ಕ ಚಪ್ಪಲಿ ಕೆಳಗೆ ಬಿಟ್ಟು ರಂಗ ಹತ್ತಿದಳು. ಹಲಗೆ ತಣ್ಣಗಿತ್ತು. ತಮ್ಮ ಹುಡುಗಿಗೆ ಏಳು ಎಂದು ಸನ್ನೆ ಮಾಡಿ ತಾನೇ ಬೆಂಚಿನ ಮೇಲೆ ಕೂತ, ಅಕ್ಕನಿಗೆ ಬೆನ್ನಾಗಿ. ಲಾಟೀನಿನ ಮಾತುಗಳನ್ನು ಹಾಡಲಿಲ್ಲ. ಕತ್ತರಿಯ, ದಾರದ ಹಳೆಯ ಮಾತುಗಳನ್ನೇ, ಅವಳು ಇಪ್ಪತ್ತೊಂದು ವರ್ಷದಿಂದ ಕೇಳದಿದ್ದ ಮಾತುಗಳನ್ನೇ ಎತ್ತಿಕೊಂಡ. ದನಿ ಆಗಿನದಲ್ಲ, ಒಡೆದಿತ್ತು, ಆದರೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನೋ ಅಲ್ಲೇ ತೆಗೆದುಕೊಂಡ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಒಂದು ಹೆಜ್ಜೆ ಮುಂದೆ ಬಂದಳು. ಅರ್ಧ ಹೆಜ್ಜೆ ಎಡಕ್ಕೆ ಹೋಗಿ ನಿಂತಳು. ಸದ್ದಣ್ಣ ಗೇಟಿನ ಕಂಬವನ್ನು ಸದ್ದಿಲ್ಲದೆ ತಳ್ಳಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿದ. ಅವಳ ಕೈ ತಾನಾಗಿ ಅದರ ಮೇಲೆ ಹೋಯಿತು. ಎರಡನೇ ಚರಣ ಮುಗಿಯುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ.

ಹಾಡು ನಿಂತಿತು. ತಮ್ಮ ಕೂತಲ್ಲಿಂದಲೇ, ತಿರುಗದೆ ಕೇಳಿದ. "ಸಿಕ್ತಾ ಅಕ್ಕ?"

"ಹ್ಞೂಂ," ಎಂದಳು. "ಇಲ್ಲೇ."

ಸದ್ದಣ್ಣ ಮೊಣಕಾಲೂರಿ ಬೆಂಚಿನ ಕಾಲಿನಿಂದ ಅವಳ ಕಾಲ್ಬೆರಳ ತುದಿಯವರೆಗೆ ಅಳತೆ ಪಟ್ಟಿ ಹಿಡಿದ. ಓದಿ, ಗೋಡೆಯ ಮೇಲಿನ ಹಾಳೆಯಲ್ಲಿ ಎಂಟನೇ ಹಾಡಿನ ಎದುರಿಗೆ ಬರೆದ: ಎರಡು ಮೀಟರ್ ನಲವತ್ತು ಸೆಂಟಿಮೀಟರ್.